ಸಣ್ಣಮ್ಮನಿಗೆ ಬೇರೆ ತಟ್ಟೆ ಇಟ್ಟದ್ದು

ನನ್ನ ನಾಲಿಗೆಯ ಎಡಭಾಗವನ್ನು ಕತ್ತರಿಸಿ ತೆಗೆದು ವರ್ಷ ದಾಟಿತು. ಮಾತು ಹೊರಡುತ್ತದೆ, ಆದರೆ ಮನೆಯವರನ್ನು ಬಿಟ್ಟು ಬೇರೆಯವರಿಗೆ ಅರ್ಥವಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಮೈಸೂರಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರುತ್ತೇನೆ. ಅಲ್ಲಿ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹೊಸಬರು ನನ್ನ ಕುತ್ತಿಗೆಯ ಹೊಲಿಗೆ ನೋಡಿ, "ಅಜ್ಜ, ನೀವು ಎಂಗೆ ತಡ್ಕಂಡ್ರಿ?" ಎಂದು ಕೇಳುತ್ತಾರೆ. ಕೈಸನ್ನೆ ಮಾಡಿ, ಹಾಳೆಯ ಮೇಲೆ ಬರೆದು, ತಿಳಿದಷ್ಟು ಹೇಳುತ್ತೇನೆ. ಆದರೆ ನಾನು ಹೇಗೆ ತಡೆದುಕೊಂಡೆ ಎಂದು ನಿಜವಾಗಿ ಹೇಳಬೇಕಾದರೆ, ನನ್ನ ಹೆಂಡತಿ ಯಾಕೆ ತಡೆದುಕೊಳ್ಳಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಅದು ಬೆಂಚಿನ ಮೇಲೆ ಹೇಳಿ ಮುಗಿಸುವಂಥದಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಬಂದ ಹಾಗೆ ಬರೆಯುತ್ತೇನೆ.

ನಮ್ಮದು ಬೆಟ್ಟದಪುರದ ಪಕ್ಕದ ಹಳ್ಳಿ. ಹೊಗೆಸೊಪ್ಪು ಬೆಳೆಯುವ ಮನೆ. ನನ್ನ ಹೆಂಡತಿ ಸಣ್ಣಮ್ಮ. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿ ಕೋಣೆಯಲ್ಲಿ, ಸೊಪ್ಪು ಬೇಯುವಾಗ ಒಂದು ಎಲೆ ಮುಟ್ಟಿ ನೋಡಿ, "ಇನ್ನೊಂದ್ ಜಾವ ಬುಡಿ" ಎಂದು ಅವಳು ಹೇಳಿದರೆ ಅದೇ ಲೆಕ್ಕ. ಗೋಡೆಗೆ ಹಾಕಿದ್ದ ಶಾಖದ ಮಾಪಕವನ್ನು ನಾನು ನೋಡುತ್ತಿದ್ದದ್ದು ಅವಳು ಹೇಳಿದ್ದು ಸರಿ ಎಂದು ಖಾತ್ರಿ ಮಾಡಿಕೊಳ್ಳಲು ಮಾತ್ರ.

ಎದೆಯಲ್ಲಿ ಗಂಟಾಗಿದ್ದನ್ನು ಅವಳು ಎಷ್ಟು ತಿಂಗಳು ಮುಚ್ಚಿಟ್ಟಿದ್ದಳೋ ತಿಳಿಯದು. ಸೊಸೆ ಲತಾ ಒಂದು ದಿನ ಬೆನ್ನುಜ್ಜಲು ಹೋದವಳು ಕಂಡು, ನನ್ನ ಮಗ ಮಹೇಶನಿಗೆ ಹೇಳಿ, ಅವನು ನನಗೆ ಹೇಳಿದ. ಮೈಸೂರಿಗೆ ಕರೆದುಕೊಂಡು ಹೋದೆವು. ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದರು. ನಾನು ಸಣ್ಣಮ್ಮನನ್ನು ಬಾಗಿಲ ಹೊರಗೇ ಕೂರಿಸಿ ಒಬ್ಬನೇ ಹೋದೆ. ಕ್ಯಾನ್ಸರ್ ಎಂದರು. ಅವಳಿಗೆ ಮಾತ್ರ ಹೇಳಬೇಡಿ ಎಂದು ಕೈಮುಗಿದೆ.

"ಅವರ ಮೈ ಅಲ್ವಾ ಯಜಮಾನ್ರೇ, ಅವರಿಗೆ ಗೊತ್ತಿರಬೇಕಲ್ವಾ?" ಎಂದರು.

"ಎದೆ ಒಡ್ಕಂಡ್ಬುಡ್ತಾಳೆ ಮೇಡಂ. ನಾವು ನೋಡ್ಕತೀವಿ."

ನಮ್ಮ ಕಡೆ ಅದೇ ರೂಢಿ. ದೊಡ್ಡ ಕಾಯಿಲೆಯ ಹೆಸರನ್ನು ಕಾಯಿಲೆಯವರ ಮುಂದೆ ಎತ್ತುವುದಿಲ್ಲ. ಮನೆಯವರೇ ಹಂಚಿಕೊಂಡು ಹೊತ್ತುಕೊಳ್ಳುತ್ತೇವೆ. ಅದನ್ನು ಪ್ರೀತಿ ಎಂದೇ ನಾನು ನಂಬಿದ್ದೆ.

ಹೊರಗೆ ಬಂದು, "ಬರೀ ಗಂಟು ಕಣಮ್ಮಿ. ಕೆಟ್ಟ ರಕ್ತ ಕಟ್ಕಂಡದಂತೆ. ಸೂಜಿ ಹಾಕುದ್ರೆ ಕರಗೋಯ್ತದೆ" ಎಂದೆ.

"ಒಂದ್ ಸೂಜಿಗೆ ಮೈಸೂರ್ಗಂಟ ಬರ್ಬೇಕಿತ್ತಾ? ಪಿರಿಯಾಪಟ್ಣದಾಗೆ ಸೂಜಿ ಮುಗ್ದೋಗಿದ್ವಾ?" ಎಂದು ಕೇಳಿದಳು. ನಾನು ನಕ್ಕೆ. ಅವಳೂ ನಕ್ಕಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು ಎಂಬುದು ಈಗ ನೆನಪಾಗುತ್ತದೆ.

ಮೊದಲ ಸಲ ಔಷಧಿ ಏರಿಸಿದ ದಿನ ಸಿಸ್ಟರ್ ನನ್ನನ್ನೂ ಲತಾಳನ್ನೂ ಪಕ್ಕಕ್ಕೆ ಕರೆದು ತಿಳಿಸಿಕೊಟ್ಟರು. ಈ ಔಷಧಿಗೆ ರಕ್ತದಲ್ಲಿನ ಶಕ್ತಿ ಕುಂದುತ್ತದೆ, ನಮ್ಮ ಸಣ್ಣಪುಟ್ಟ ನೆಗಡಿಯೂ ಅವಳಿಗೆ ಜೋರಾಗಿ ಹಿಡಿಯುತ್ತದೆ. ಅವಳ ತಟ್ಟೆ, ಲೋಟ ಬೇರೆ ಇಟ್ಟು ಕುದಿಯುವ ನೀರಲ್ಲಿ ತೊಳೆಯಬೇಕು. ಮಗುವಿಗೆ ಮೂಗು ಸೋರುತ್ತಿದ್ದರೆ ಹತ್ತಿರ ಬಿಡಬಾರದು. ಅವಳಿಂದ ನಮಗೆ ಏನೂ ಆಗುವುದಿಲ್ಲ, ನಮ್ಮಿಂದ ಅವಳಿಗೆ ಆಗಬಾರದು.

ಬಸ್ಸಿನಲ್ಲಿ ಲತಾ ಮೆಲ್ಲಗೆ ಕೇಳಿದಳು. "ಅತ್ತೆಗೆ ಏನಂತ ಯೋಳದು ಮಾವ?"

"ಏನೂ ಯೋಳ್ಬ್ಯಾಡ. ಯಾಕೆ ಅಂತಾಳೆ, ರಕ್ತ ಯಾಕೆ ಕಮ್ಮಿ ಅಂತಾಳೆ, ಅಲ್ಲಿಂದ ಹೆಸ್ರಿಗೆ ಬತ್ತಾಳೆ. ಸುಮ್ಕೆ ಬೇರೆ ಇಡು, ಅಷ್ಟೇಯ."

ಇಟ್ಟಳು. ಹೊಸ ಸ್ಟೀಲ್ ತಟ್ಟೆ, ಹೊಸ ಲೋಟ. ಅಡುಗೆಮನೆಯಲ್ಲಿ ಬೇರೆ ಮೂಲೆ. ಸಣ್ಣಮ್ಮ ಒಂದೆರಡು ದಿನ ನೋಡಿದಳು. ಏನೂ ಕೇಳಲಿಲ್ಲ.

ಇಲ್ಲಿ ನಮ್ಮ ಮನೆಯ ಇನ್ನೊಂದು ವಿಷಯ ಬರೆಯಬೇಕು. ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಜಗಲಿಯ ಗೂಡಿನಲ್ಲಿ ಯಾವಾಗಲೂ ಐದಾರು ತಟ್ಟೆ, ಲೋಟ ಬೇರೆ ಇರುತ್ತಿದ್ದವು. ಕಾಲೊನಿಯಿಂದ ಸೊಪ್ಪು ಕಟ್ಟಲು ಬರುವ ಹೆಂಗಸರಿಗೆ. ಅವರು ಜಗಲಿಯ ಕೆಳಗೆ ಕೂತು ಉಂಡು, ತೊಳೆದು, ಅಲ್ಲೇ ಇಟ್ಟು ಹೋಗಬೇಕು. ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು. ನಾನು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಆ ತಟ್ಟೆಗಳಿಗೆ ನಲವತ್ತು ವರ್ಷ ಮುದ್ದೆ ಹಾಕಿದವಳು ಸಣ್ಣಮ್ಮ. ಬೇರೆ ತಟ್ಟೆ ಇಡುವುದೆಂದರೆ ಏನು ಅರ್ಥ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ನಾನು ಬ್ಯಾರನ್ನಿನ ಒಲೆಗೆ ಸೌದೆ ಕೊಡುತ್ತಿದ್ದೆ. ಸಣ್ಣಮ್ಮ ತಲೆಗೆ ಸೆರಗು ಬಿಗಿದುಕೊಂಡು, ತನ್ನ ತಟ್ಟೆ ಹಿಡಿದು ಹೊರಗೆ ಬಂದಳು. ಬಂದು ಜಗಲಿಯ ಕೆಳಗೆ, ಆ ಹೆಂಗಸರ ಸಾಲಿನಲ್ಲಿ ಕೂತಳು. ಅವರಲ್ಲಿ ಹಿರಿಯಳು ಕೆಂಪಮ್ಮ, ಬಾಯಿ ಜೋರು.

"ಏನ್ರವ್ವಾ, ನೀವೂ ನಮ್ ಸಾಲ್ಗೇ ಬಂದ್ಬುಟ್ರಾ?" ಎಂದಳು.

"ಉಂ ಕಣ್ ಕೆಂಪಿ. ನಂಗೂ ತಟ್ಟೆ ಕೊಟ್ಟವ್ರೆ" ಎಂದಳು ಸಣ್ಣಮ್ಮ.

"ನಿಮ್ದು ಹೊಸ್ದು ಬುಡಿ. ನಮ್ದು ನೋಡಿ, ಸೊಟ್ಟಂಬಟ್ಟ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಒಲೆಯ ಮುಂದೆ ನಿಂತ ನನಗೆ, ಪರವಾಗಿಲ್ಲ, ಇವತ್ತು ಗೆಲುವಾಗಿದ್ದಾಳೆ ಎನಿಸಿತು.

ಅವಳು ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟಳು. ಮೊಮ್ಮಗಳು ಕಾವ್ಯಳಿಗೆ ಆಗ ಎರಡು ವರ್ಷ. ಅಜ್ಜಿಯ ಸೀರೆ ಹಿಡಿದುಕೊಂಡು ಬಂದರೆ ಅವಳು ಗೋಡೆಯ ಕಡೆ ತಿರುಗಿ, "ತಕ್ಕಂಡೋಗವ್ವ ಮಗೀನ, ತಕ್ಕಂಡೋಗು" ಎನ್ನುತ್ತಿದ್ದಳು. ಊಟ ಅರ್ಧ ಮುದ್ದೆಗೆ ಇಳಿಯಿತು, ಆಮೇಲೆ ಬರೀ ನೀರುಮಜ್ಜಿಗೆ. ಬೆಳಿಗ್ಗೆ ಎದ್ದವಳು ಮುಖ ತೊಳೆಯದೆ ಗೋಡೆ ನೋಡುತ್ತ ಕೂರುವಳು. ಬ್ಯಾರನ್ನಿಂದ ಎಲೆ ತಂದು ತೋರಿಸಿದರೆ, "ನಿಮಗೇ ಗೊತ್ತಾಯ್ತದಲ್ಲ" ಎಂದು ಮುಟ್ಟದೆ ಕಳಿಸುವಳು. ಅದು ಔಷಧಿಯ ಸುಸ್ತು ಎಂದುಕೊಂಡೆ. ದಿನ ಕಳೆದಂತೆ ಹಟ ಎಂದುಕೊಂಡೆ. "ಎಲ್ಲಾರ್ಗೂ ಕಾಯಿಲೆ ಬತ್ತದೆ ಕಣಮ್ಮಿ, ಹಿಂಗ್ ಮೂತಿ ಹಾಕ್ಕಂಡ್ ಕುಂತ್ರೆ ವಾಸಿ ಆದದಾ?" ಎಂದು ರೇಗಿದ್ದೂ ಉಂಟು.

ನಾಲ್ಕನೆಯ ಸಲ ಹೋದಾಗ ಡಾಕ್ಟರಮ್ಮ ಅವಳೊಬ್ಬಳನ್ನೇ ತುಂಬ ಹೊತ್ತು ಕೂರಿಸಿಕೊಂಡು ಮಾತಾಡಿಸಿದರು. ಆಮೇಲೆ ನನ್ನನ್ನು ಕರೆದರು. ಅವರು ಹೇಳಿದ ಒಂದೊಂದು ಮಾತೂ ನೆನಪಿದೆ.

"ನೀವು ಬೇಡ ಅಂದಿದ್ರಿ ಅಂತ ಅವರ ಮುಂದೆ ಗಂಟಿನ ಮಾತು ಎತ್ತಿಲ್ಲ. ಗಂಟು ಅರ್ಧಕ್ಕರ್ಧ ಇಳಿದಿದೆ. ಔಷಧಿ ಚೆನ್ನಾಗಿ ಹಿಡೀತಿದೆ. ಆದರೆ ಇವರು ಊಟ ಬಿಟ್ಟಿದಾರೆ, ನಿದ್ದೆ ಇಲ್ಲ, ಬದುಕಿ ಏನು ಮಾಡಲಿ ಅಂತಾರೆ. ಇದು ಹಟ ಅಲ್ಲ, ಖಿನ್ನತೆ. ಇದೂ ಒಂದು ಕಾಯಿಲೆನೇ, ಇದಕ್ಕೂ ಔಷಧಿ ಇದೆ. ಇದನ್ನ ಹಂಗೇ ಬಿಟ್ರೆ ಮುಂದಿನ ಚಿಕಿತ್ಸೆಗೆ ಇವರು ಬರಲ್ಲ. ಆಮೇಲೆ ನಾನು ಏನೂ ಮಾಡೋಕಾಗಲ್ಲ."

ಒಂದು ಚೀಟಿ ಬರೆದುಕೊಟ್ಟರು. ಮೂರನೆಯ ಮಹಡಿ, ಬಲಗಡೆ ಕೊನೆಯ ಕೋಣೆ, ಮನೋವೈದ್ಯರು. ಇವತ್ತೇ ತೋರಿಸಿಕೊಂಡು ಹೋಗಿ ಎಂದರು.

ಸಣ್ಣಮ್ಮನನ್ನು ಕೆಳಗೇ ಕೂರಿಸಿ, ಎಲ್ಲಿದೆ ನೋಡಿಕೊಂಡು ಬರುತ್ತೇನೆಂದು ಮೆಟ್ಟಿಲು ಹತ್ತಿದೆ. ಬಾಗಿಲ ಮುಂದೆ ಸಾಲಿತ್ತು. ಸಾಲಿನಲ್ಲಿ ನಮ್ಮ ಪಕ್ಕದ ಊರಿನವನೊಬ್ಬ ತನ್ನ ತಮ್ಮನ ಕೈ ಹಿಡಿದು ನಿಂತಿದ್ದ. ಆ ತಮ್ಮನನ್ನು ಊರೆಲ್ಲ ಹುಚ್ಚ ಎಂದೇ ಕರೆಯುತ್ತಿತ್ತು. ನಾನೂ ಕರೆದಿದ್ದೆ. ಅವನು ಈ ಕಡೆ ತಿರುಗುವಷ್ಟರಲ್ಲಿ ನಾನು ಗೋಡೆಯ ಮರೆಗೆ ಸರಿದು, ಬಂದ ದಾರಿಯಲ್ಲೇ ಕೆಳಗಿಳಿದೆ. ಎದೆಯ ಗಂಟಿಗೆ ಹುಚ್ಚರ ಡಾಕ್ಟರು ಯಾಕೆ, ಹೆಂಡತಿಗೆ ತಲೆ ಕೆಟ್ಟಿದೆ ಎಂದು ನಾಳೆ ಊರಿಗೆಲ್ಲ ಗೊತ್ತಾಗುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನನಗೆ ನಾನೇ ಹೇಳಿಕೊಂಡ ನೆಪ ಬೇರೆ: ಬ್ಯಾರನ್ನಿಗೆ ಬೆಂಕಿ ಹಾಕಿ ಮೂರು ದಿನವಾಗಿದೆ, ಬಿಟ್ಟು ಬಂದಿದ್ದೇನೆ, ಬೇಗ ಹೋಗಬೇಕು.

"ಏನಂದ್ರು?" ಎಂದು ಸಣ್ಣಮ್ಮ ಕೇಳಿದಳು.

"ಏನಿಲ್ಲ, ಚೆನ್ನಾಗಿ ಉಣ್ಬೇಕಂತೆ."

ಮನೆಗೆ ಬಂದವನು ಚೀಟಿಯನ್ನು ಬ್ಯಾರನ್ನಿನ ಒಲೆಗೆ ಹಾಕಿದೆ. ಮಗನಿಗಾಗಲಿ ಲತಾಳಿಗಾಗಲಿ ಹೇಳಲಿಲ್ಲ.

ಮುಂದಿನ ಸಲ ಹೊರಟಾಗ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಸಣ್ಣಮ್ಮ ನೀರು ಕುಡಿಯಬೇಕೆಂದು ಇಳಿದಳು. ಹೊರಡುವ ಹೊತ್ತಾದರೂ ಹತ್ತಲಿಲ್ಲ. ನಾನು ಇಳಿದು ಹೋದೆ. ಕಂಬಕ್ಕೆ ಒರಗಿ ಕೂತಿದ್ದಳು.

"ನಾ ಬರಾಕಿಲ್ಲ ಕಣ್ರಿ. ಆ ಸೂಜಿ ನೀವೇ ಚುಚ್ಚುಸ್ಕಂಡ್ ಬನ್ನಿ."

"ಆಟ ಆಡ್ತೀಯಾ? ಏಳಮ್ಮಿ, ಬಸ್ ವೊಂಟದೆ."

"ಎದೆ ಡವಡವ ಅಂತದೆ. ಕೈಕಾಲು ಬರಕ್ಕಿಲ್ಲ. ಎಳ್ಕಂಡೋದ್ರೆ ಅಲ್ಲೇ ಬಿದ್ದೋಯ್ತೀನಿ."

ಅವಳ ಕೈ ಹಿಡಿದೆ. ಕಂಡಕ್ಟರ್ ಸೀಟಿ ಊದಿದ. ಅಂದು ವಾಪಸು ಬಂದೆವು. ಇನ್ನೊಂದು ವಾರ ಬಿಟ್ಟು ಹೋಗೋಣ ಎಂದೆ. ವಾರ ಕಳೆದು ತಿಂಗಳಾಯಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಬರುತ್ತೇವೆ ಎಂದು ನಾನೇ ಹೇಳಿದೆ. ಮಹೇಶ ಕಾರು ಮಾಡಿಕೊಂಡು ಬಂದ ದಿನ ಅವಳು ಒಳಗಿನಿಂದ ಅಗುಳಿ ಹಾಕಿಕೊಂಡಳು.

ಐದು ತಿಂಗಳ ಮೇಲೆ ಅವಳಿಗೆ ಉಸಿರು ಕಟ್ಟತೊಡಗಿದಾಗ ಎತ್ತಿಕೊಂಡು ಹೋದೆವು. ಕಾಯಿಲೆ ಶ್ವಾಸಕೋಶಕ್ಕೆ ಹೋಗಿತ್ತು. ಅದೇ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರಗಳನ್ನು ದೀಪದ ಮುಂದೆ ಹಿಡಿದು ನೋಡಿದರು. ಮೂರನೇ ಮಹಡಿಗೆ ತೋರಿಸಿದಿರಾ ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಪೂರ್ತಿ ಚಿಕಿತ್ಸೆ ಆಗಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಕೇಳಿದೆ. "ಖಂಡಿತ ಅಂತ ಯಾರೂ ಹೇಳೋಕಾಗಲ್ಲ. ಆದರೆ ಒಳ್ಳೆ ಅವಕಾಶ ಇತ್ತು" ಎಂದರು.

ಮನೆಗೆ ಕರೆತಂದ ಮೇಲೆ ಅವಳು ಹದಿನೆಂಟು ದಿನ ಇದ್ದಳು. ಒಂದು ಬೆಳಿಗ್ಗೆ ಲತಾ ಗಂಜಿ ತಂದಿಟ್ಟು ಹೋದಳು. ಅದೇ ಬೇರೆ ಲೋಟದಲ್ಲಿ. ನಾನು ಕುಡಿಸಲು ಹೋದರೆ ಸಣ್ಣಮ್ಮ ನನ್ನ ಕೈ ತಳ್ಳಿದಳು.

"ನೀವು ಮುಟ್ಬ್ಯಾಡಿ. ನಿಮಗೂ ಅಂಟ್ಕತದೆ."

"ಏನ್ ಅಂಟ್ಕತದೆ?"

"ಕ್ಯಾನ್ಸರು."

ನಾನು ಲೋಟ ಕೆಳಗಿಟ್ಟೆ. "ನಿಂಗ್ಯಾರು ಯೋಳುದ್ರು?" ಎಂದೆ.

"ಅಲ್ಲಿ ಬೆಂಚ್ ತುಂಬ ಅದೇ ಜನ ಅಲ್ವಾ? ಮೊದ್ಲುನೇ ಸಲನೇ ಎಚ್.ಡಿ. ಕೋಟೆಯೋಳು ಒಬ್ಳು ಯೋಳುದ್ಲು. ನಂಗೂ ಅದೇ ನಿಂಗೂ ಅದೇ, ಎದ್ರುಕೋಬ್ಯಾಡ, ವಾಸಿ ಆಯ್ತದೆ ಅಂದ್ಲು. ನಾನೂ ಆಗ ಎದ್ರುಕೊಳ್ನಿಲ್ಲ." ಅವಳಿಗೆ ಉಸಿರು ಸಾಲದೆ ನಿಲ್ಲಿಸಿದಳು. ಮತ್ತೆ ಹೇಳಿದಳು. "ಮನೇಗ್ ಬಂದ್ ಮ್ಯಾಲೆ ತಟ್ಟೆ ಬೇರೆ ಇಟ್ರಿ. ಆಗ ಗೊತ್ತಾಯ್ತು, ಇದು ಅಂಟುಜಾಡ್ಯ ಅಂತ. ನೀವೆಲ್ಲಾ ನನ್ ಕಂಡ್ರೆ ಎದ್ರುಕೊತೀರಿ ಅಂತ. ಮಗೀಗೆ ಅಂಟ್ಸಿ ಯಾಕ್ ಬದುಕ್ಲಿ ಅನ್ನುಸ್ತು."

ನಾನು ಅವಳ ಪಾದ ಹಿಡಿದುಕೊಂಡೆ. ಸಿಸ್ಟರ್ ಹೇಳಿದ್ದೆಲ್ಲ ಹೇಳಿದೆ. ಅವಳಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ, ಅವಳನ್ನು ಕಾಪಾಡಲೆಂದೇ ತಟ್ಟೆ ಬೇರೆ ಇಟ್ಟದ್ದು, ಮಗುವಿಗೆ ನೆಗಡಿ ಇಲ್ಲದ ದಿನ ಧಾರಾಳವಾಗಿ ಎತ್ತಿಕೊಳ್ಳಬಹುದಿತ್ತು ಎಂದೆ. ಅವಳು ಕೇಳುತ್ತ ಹೋದಳು. ಕಣ್ಣೀರು ಕಿವಿಯ ಕಡೆ ಇಳಿಯುತ್ತಿತ್ತು.

"ಅಷ್ಟೇಯಾ?" ಎಂದಳು. ಮುಖವನ್ನು ನನ್ನ ಕಡೆ ತಿರುಗಿಸಿ, "ಅಷ್ಟ್ ಯೋಳಕ್ಕೆ ನಿಮಗೆ ಬಾಯಿ ಬರ್ನಿಲ್ವಾ?" ಎಂದಳು.

ಲತಾ ಕಾವ್ಯಳನ್ನು ತಂದು ಪಕ್ಕದಲ್ಲಿ ಕೂರಿಸಿದಳು. ಇಷ್ಟು ತಿಂಗಳು ಹತ್ತಿರ ಸೇರದಿದ್ದ ಮಗು, ಸೊರಗಿ ಗುರುತೇ ಸಿಗದಂತಾಗಿದ್ದ ಅಜ್ಜಿಯನ್ನು ಕಂಡು ಅತ್ತು ಓಡಿಹೋಯಿತು. ಮಗುವನ್ನು ಮತ್ತೆ ಹತ್ತಿರ ಮಾಡಿಕೊಳ್ಳುವಷ್ಟು ದಿನ ಸಣ್ಣಮ್ಮನಿಗೆ ಉಳಿದಿರಲಿಲ್ಲ.

ಮಣ್ಣು ಮಾಡಿ ಬಂದ ದಿನ ನನ್ನಿಂದ ಇನ್ನೊಂದು ತಪ್ಪು ನಡೆಯಿತು. ಮಗಳು ಸವಿತಾಳನ್ನು ಬಿಳಿಕೆರೆಗೆ ಕೊಟ್ಟಿದ್ದೇವೆ. ಅವಳು ಅಡುಗೆಮನೆಯಲ್ಲಿ ಆ ತಟ್ಟೆ ಕಂಡು, ಎತ್ತಿ ಹಜಾರಕ್ಕೆ ತಂದು ನೆಂಟರೆಲ್ಲರ ಮುಂದೆ ಎಸೆದಳು.

"ನೋಡಿ, ನಮ್ಮವ್ವಂಗೆ ಕೂಲಿಯೋರಂಗೆ ಬೇರೆ ತಟ್ಟೆ ಇಟ್ಟಿದ್ಲು ಈ ಮಹಾತಾಯಿ! ನಮ್ಮವ್ವ ಕಾಯಿಲೇಲಿ ಸಾಯ್ನಿಲ್ಲ. ಅತ್ಗೆ, ನೀನೇ ಕೊಂದಿದ್ದು."

ಲತಾ ನನ್ನ ಕಡೆ ನೋಡಿದಳು. ಮಾವ ಹೇಳುತ್ತಾರೆ ಎಂದು ಕಾದಳು. ನನ್ನ ನಾಲಿಗೆ ಆಗ ಪೂರ್ತಿ ಇತ್ತು. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡೆ. ನೆಂಟರು, ಅಳುತ್ತಿದ್ದಾನೆ ಎಂದುಕೊಂಡರು.

ಅಲ್ಲಿಂದ ಸವಿತಾ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ಲತಾ ಒಂದು ದಿನವೂ ನನ್ನನ್ನು ಕೇಳಲಿಲ್ಲ. ತಟ್ಟೆಯ ಕಾರಣ ಅವಳಿಗೆ ಗೊತ್ತಿತ್ತು. ಚೀಟಿಯ ವಿಷಯ ಗೊತ್ತಿರಲಿಲ್ಲ. ಅತ್ತೆಗೆ ತಾನಾದರೂ ಗುಟ್ಟಾಗಿ ಹೇಳಿಬಿಡಬೇಕಿತ್ತು, ತನ್ನಿಂದಲೇ ಹೋದರು ಎಂದು ಅವಳು ಮೂರು ವರ್ಷ ಒಳಗೊಳಗೇ ಕೊರಗಿದಳು. ನಾನು ನೋಡುತ್ತ ಇದ್ದೆ.

ಆಮೇಲೆ ನನ್ನ ಸರದಿ. ಎಲೆಅಡಿಕೆಗೆ ನಮ್ಮದೇ ಹೊಗೆಸೊಪ್ಪು ಸೇರಿಸಿ ಐವತ್ತು ವರ್ಷ ಜಗಿದವನು ನಾನು. ನಾಲಿಗೆಯ ಪಕ್ಕ ಹುಣ್ಣಾಯಿತು. ಅದೇ ಆಸ್ಪತ್ರೆ. ಡಾಕ್ಟರು ಬೇರೆ. ಕತ್ತರಿಸಿದರು, ಆಮೇಲೆ ಮೂವತ್ತು ದಿನ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕು ಎಂದರು. ಮೈಸೂರಿನಲ್ಲಿ ತನ್ನ ಚಿಕ್ಕಮ್ಮನ ಮನೆಯಲ್ಲಿದ್ದು ಲತಾಳೇ ನನ್ನನ್ನು ದಿನಾ ಕರೆದೊಯ್ದಳು.

ಹತ್ತನೆಯ ದಿನದ ಹೊತ್ತಿಗೆ ನನಗೆ ಅದು ಹಿಡಿಯಿತು. ಅದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ಬೆಳಗಾಗುತ್ತಿದ್ದಂತೆ ಎದೆಯ ಮೇಲೆ ಯಾರೋ ಮಣೆ ಇಟ್ಟು ಕೂತ ಹಾಗೆ. ಕರೆಂಟು ಕೊಡುವಾಗ ಅಲುಗದಂತೆ ಮುಖಕ್ಕೆ ಬಿಗಿಯಾದ ಮುಖವಾಡ ಹಾಕಿ ಮೇಜಿಗೆ ಸಿಕ್ಕಿಸುತ್ತಾರೆ. ಅದನ್ನು ನೆನೆದರೆ ಅಂಗೈ ಬೆವರಿ ಕಾಲು ಬಾರದಾಗುತ್ತಿತ್ತು. ಮೂಗಿನ ಕೊಳವೆಯಲ್ಲಿ ಹಾಕುವ ಗಂಜಿಯೂ ಬೇಡವಾಯಿತು. ಒಂದು ದಿನ ಆಸ್ಪತ್ರೆಯ ಗೇಟಿನಲ್ಲಿ ಆಟೋದಿಂದ ಇಳಿಯಲಿಲ್ಲ. ಕಂಬಿ ಹಿಡಿದುಕೊಂಡು ಕೂತೆ. ಹುಣಸೂರಿನ ಕಂಬಕ್ಕೆ ಒರಗಿದ್ದವಳು ಏನು ಅನುಭವಿಸುತ್ತಿದ್ದಳು ಎಂಬುದು ಆ ಆಟೋದಲ್ಲಿ ನನ್ನ ಮೈಗೇ ಗೊತ್ತಾಯಿತು. ಅವಳಿಗೆ ನಾನು ಆಟ ಆಡುತ್ತೀಯಾ ಎಂದು ಕೇಳಿದ್ದೆ.

ಲತಾ ಹಾಗೆ ಕೇಳಲಿಲ್ಲ. ಒಳಗೆ ಓಡಿಹೋಗಿ ಡಾಕ್ಟರಿಗೆ ಹೇಳಿ, ಚೀಟಿ ಬರೆಸಿಕೊಂಡು ಬಂದಳು. "ಮನ್ಸಿನ್ ಡಾಕ್ಟ್ರಂತೆ ಮಾವ. ಇಲ್ಲೇ ಅವ್ರಂತೆ. ಎಲ್ಲಿ ಅಂತ ಕೇಳ್ಕಂಡ್ ಬತ್ತೀನಿ ಇರಿ."

ಅವಳು ಕೇಳಲು ಹೋಗುವಷ್ಟರಲ್ಲಿ ನಾನು ಇಳಿದು ಮೆಟ್ಟಿಲು ಹತ್ತತೊಡಗಿದ್ದೆ. ಮೂರನೆಯ ಮಹಡಿ, ಬಲಗಡೆ, ಕೊನೆಯ ಕೋಣೆ. ಅದೇ ಬಾಗಿಲು, ಅದೇ ಸಾಲು. ಲತಾ ಏದುಸಿರು ಬಿಡುತ್ತ ಬಂದಳು.

"ಇಲ್ಲೇ ಅಂತ ನಿಮಗೆ ಎಂಗೆ ಗೊತ್ತಿತ್ತು ಮಾವ?"

ಅರ್ಧ ನಾಲಿಗೆಯಲ್ಲಿ, ಜೊಲ್ಲು ಒರೆಸಿಕೊಳ್ಳುತ್ತ ಅವಳಿಗೆ ಚೀಟಿಯ ವಿಷಯ ಹೇಳಿದೆ. ಒಲೆಗೆ ಹಾಕಿದ್ದನ್ನೂ ಹೇಳಿದೆ. ಸಾಲು ಮುಂದೆ ಸರಿಯಿತು. ಅವಳು ಸರಿಯಲಿಲ್ಲ. "ಅಂದ್ರೆ ಇಷ್ಟ್ ವರ್ಷ ನಾನು..." ಎಂದು ನಿಲ್ಲಿಸಿದಳು. ನಮ್ಮ ಹೆಸರು ಕೂಗಿದಾಗ ನನ್ನ ತೋಳು ಹಿಡಿದು ಒಳಗೆ ಕರೆದೊಯ್ದಳು. ನನಗೆ ಬರುತ್ತಿದ್ದದ್ದೆಲ್ಲವನ್ನೂ ಡಾಕ್ಟರಿಗೆ ಒಂದೂ ಬಿಡದೆ ಹೇಳಿದಳು. ಆಮೇಲೆ ಹನ್ನೊಂದು ದಿನ ನನ್ನೊಡನೆ ಮಾತಾಡಲಿಲ್ಲ. ಗಂಜಿ, ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಲಿಲ್ಲ.

ಆ ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆಗಳಿಂದ ನಾನು ಹುಚ್ಚನಾಗಲಿಲ್ಲ. ಯಾರೂ ಹುಚ್ಚ ಎನ್ನಲೂ ಇಲ್ಲ. ಎರಡು ಮೂರು ವಾರದಲ್ಲಿ ಎದೆಯ ಮೇಲಿನ ಭಾರ ಅಷ್ಟಷ್ಟೇ ಇಳಿಯಿತು. ವಾರಕ್ಕೊಮ್ಮೆ ಆ ಕೋಣೆಯಲ್ಲಿ ಕೂತು ಅತ್ತು ಬರುತ್ತಿದ್ದೆ. ಮೂವತ್ತು ದಿನದ ಕರೆಂಟು ಪೂರ್ತಿಯಾಯಿತು. ಹಾಗಾಗಿ ಬದುಕಿದ್ದೇನೆ. ಬೆಂಚಿನ ಮೇಲೆ ನನ್ನ ಪಕ್ಕ ಕೂರುವವರಿಗೆ ಹೇಳಲಿಕ್ಕೆ ನನ್ನ ಹತ್ತಿರ ಇಷ್ಟೇ ಇರುವುದು: ಕಾಯಿಲೆಯವರು ಮಂಕಾಗಿ ಕೂತರೆ ಅದು ಹಟ ಎಂದುಕೊಳ್ಳಬೇಡಿ. ಡಾಕ್ಟರಿಗೆ ಹೇಳಿ. ಬೇರೆ ಮಹಡಿಗೆ ಕಳಿಸಿದರೆ ಹೋಗಿ. ಮನೆಯಲ್ಲಿ ಏನೇ ಮಾಡಿದರೂ ಯಾಕೆ ಎಂದು ಅವರಿಗೆ ಬಿಡಿಸಿ ಹೇಳಿ.

ಹನ್ನೊಂದು ದಿನ ಮಾತು ಬಿಟ್ಟಿದ್ದ ಲತಾ ಹನ್ನೆರಡನೆಯ ದಿನ ಬಾಯಿ ಬಿಟ್ಟಳು. ನಾನು ಕೈಮುಗಿಯಲು ಹೋದರೆ ತಡೆದಳು. "ನಂಗೆ ಬ್ಯಾಡ ಮಾವ. ಸವಿತಂಗೆ ಯೋಳಿ."

ಊರಿಗೆ ಬಂದು ಸ್ವಲ್ಪ ಚೇತರಿಸಿಕೊಂಡ ಮೇಲೆ ಕಾವ್ಯಳ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ. ಅದನ್ನು ಹಿಡಿದುಕೊಂಡು ಒಬ್ಬನೇ ಬಿಳಿಕೆರೆಗೆ ಹೋದೆ. ಸವಿತಾ ಮನೆಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿ ಎದ್ದು, ಒಳಗೆ ಕರೆದು ಕೂರಿಸಿದಳು. ನೋಟ್‌ಬುಕ್ಕು ಕೊಟ್ಟೆ. ಬಾಗಿಲ ಬೆಳಕಿಗೆ ಕೂತು ಓದಿದಳು. ನಡುವೆ ಒಂದು ಸಲ ಹಾಳೆ ಹಿಂದಕ್ಕೆ ತಿರುಗಿಸಿ ಮತ್ತೆ ಓದಿದಳು. ಮುಗಿಸಿ ಪುಸ್ತಕ ಮುಚ್ಚಿದಳು.

"ಗಂಟು ಅರ್ಧ ಇಳ್ದದೆ ಅಂತ ಡಾಕ್ಟ್ರು ಯೋಳುದ್ರಲ್ಲ ಅಪ್ಪ. ಅದ್ನ ಅವ್ವಂಗೆ ಯೋಳುದ್ರಾ?"

ನಾನು ಅದುವರೆಗೆ ಆ ಪ್ರಶ್ನೆಯನ್ನು ನನಗೇ ಕೇಳಿಕೊಂಡಿರಲಿಲ್ಲ. ತಲೆ ಅಲ್ಲಾಡಿಸಿದೆ. ಚೆನ್ನಾಗಿ ಉಣ್ಣಬೇಕಂತೆ ಎಂದಷ್ಟೇ ಹೇಳಿದ್ದೆ.

ಸವಿತಾ ಎದ್ದು ಒಳಕೋಣೆಗೆ ಹೋದಳು. ಫೋನಿನಲ್ಲಿ, "ಅತ್ಗೆ, ನಾನು ಕಣ್ ಅತ್ಗೆ, ಸವಿತಾ" ಎಂದದ್ದು ಕೇಳಿಸಿತು. ಆಮೇಲೆ ಬರೀ ಅಳು. ಬಹಳ ಹೊತ್ತಾದ ಮೇಲೆ ಹೊರಗೆ ಬಂದಳು. ಊಟಕ್ಕೆ ಏಳಿ ಎನ್ನಲಿಲ್ಲ.

"ಬಸ್ ಬರೋ ಹೊತ್ತಾಯ್ತು, ವೊಂಡಿ ಅಪ್ಪ. ನಾಳೆ ಬತ್ತೀನಿ ಅಂತ ಅತ್ಗೆಗೆ ಯೋಳಿದೀನಿ. ಅವಳ್ನ ನೋಡಕ್ಕೆ ಬತ್ತಿರೋದು. ನಿಮ್ಮನ್ನಲ್ಲ."

ಮಾರನೆಯ ದಿನ ಬಂದಳು. ಇಬ್ಬರೂ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನಿದ್ದರೆ ಅವರಿಗೆ ಅಡ್ಡಿ ಎಂದು ಹೊಲದ ಕಡೆ ಹೋಗಿ ಬದುವಿನ ಮೇಲೆ ಕೂತೆ. ಕರೆದರೆ ಹೋಗೋಣ ಎಂದುಕೊಂಡಿದ್ದೆ. ಸಂಜೆಯವರೆಗೆ ಯಾರೂ ಕರೆಯಲಿಲ್ಲ.